ನಾಲ್ಕನೆಯ ಚುಕ್ಕೆ

ಹನ್ನೆರಡನೆಯ ಮುಖದ ಎಡಗಣ್ಣಿನ ಕೆಳಗೆ ಬಂದಿದ್ದಳು ಅವಳು. ಕಂಪ್ಯೂಟರಿನ ಪರದೆ ತುಂಬ ಆ ಮುಖ ಎಷ್ಟು ಹಿಗ್ಗಿತ್ತೆಂದರೆ ಅದನ್ನು ಮುಖ ಎನ್ನಲು ಬರುತ್ತಿರಲಿಲ್ಲ. ಅಲ್ಲೊಂದು ಗೀರು, ಇಲ್ಲೊಂದು ನೆರಳು, ನಡುವೆ ಒಂದಿಷ್ಟು ಬಯಲು. ಅವಳು ಕೆಲಸ ಮಾಡುವುದೇ ಹಾಗೆ. ಇಡೀ ಮುಖವನ್ನು ಮೊದಲೇ ನೋಡಿಬಿಟ್ಟರೆ ಅದರ ಮೇಲೆ ಪ್ರೀತಿಯೋ ಸಿಟ್ಟೋ ಹುಟ್ಟಿಕೊಂಡು ಕೈ ಹಿಂದೆಮುಂದೆ ನೋಡುತ್ತದೆ. ಆದ್ದರಿಂದ ಹಣೆಯಿಂದ ಶುರುಮಾಡಿ, ಕಣ್ಣ ಕೆಳಗಿಳಿದು, ಕೆನ್ನೆ ದಾಟಿ, ಗದ್ದದ ಅಂಚು ಹಿಡಿದು ಕುತ್ತಿಗೆಗೆ ಬರುವುದು. ನೆಲ ಒರೆಸುವವರು ಮೂಲೆಯಿಂದ ಬಾಗಿಲಿಗೆ ಬರುವ ಹಾಗೆ. ಕೊನೆಗೆ ಹಿಂದೆ ಸರಿದು ನೋಡಿದರೆ ತೊಳೆದಿಟ್ಟ ತಟ್ಟೆಯಂಥ ಮುಖವೊಂದು ಅಲ್ಲಿರುತ್ತದೆ.

ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಫೋಟೋದ ಮುಖಗಳ ಸುಕ್ಕು ಕಲೆ ತಿದ್ದುವುದು. ಮೊದಲು ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು, ಆಮೇಲೆ ಮೌಸ್ ಹಿಡಿದು. ಬೀದಿಗೆಲ್ಲ ಅವಳು ಟಚಪ್ಪಮ್ಮ. ಅವಳ ಟಚಪ್ಪಿನ ದಯೆಯಿಂದ ಎಷ್ಟೋ ಜನ ಐದು ವರ್ಷ ಚಿಕ್ಕವರಾಗಿ ಮದುವೆಯಾಗಿದ್ದಾರೆ, ಹತ್ತು ವರ್ಷ ಚಿಕ್ಕವರಾಗಿ ಗೋಡೆ ಏರಿದ್ದಾರೆ.

ಬಾಗಿಲಿಗೆ ಹಾಕಿದ ಬಟ್ಟೆಯ ಪರದೆಯಾಚೆ, ಸ್ಟುಡಿಯೋದ ಮುಂದಿನ ಕೋಣೆಯಲ್ಲಿ, ಗಂಡನ ದನಿ ಕೇಳುತ್ತಿತ್ತು.

"ಗದ್ದ ಮೇಲೆ... ಇನ್ನೂ ಸ್ವಲ್ಪ... ಅಷ್ಟಲ್ಲ ಸ್ವಾಮಿ, ಫ್ಯಾನ್ ನೋಡಬೇಡಿ, ನನ್ನ ನೋಡಿ. ಹಾಂ, ಈಗ ನಗಿ. ಹಲ್ಲು ಬೇಡ, ಹಲ್ಲು ಬೇಡ. ಮನಸ್ಸಲ್ಲೇ ನಗಿ."

"ಮನಸ್ಸಲ್ಲಿ ನಕ್ಕರೆ ಫೋಟೋದಲ್ಲಿ ಬರುತ್ತಾ ಸಾರ್?"

"ಬರುತ್ತೆ. ನಾನು ತರಿಸ್ತೀನಿ."

ಅವನಿಗೆ ಬೀದಿ ಇಟ್ಟ ಹೆಸರು ಗದ್ದಪ್ಪ. ಅದು ಅವನಿಗೂ ಗೊತ್ತು. ಪ್ರಶಸ್ತಿ ಎಂದೇ ತಿಳಿದುಕೊಂಡಿದ್ದಾನೆ.

ಇವತ್ತು ಅವಳ ಪರದೆಯ ಮೇಲಿದ್ದ ಮುಖಗಳು ಮಾತ್ರ ಗದ್ದಪ್ಪನ ಕೈಯವಲ್ಲ, ನರ್ಸಮ್ಮನವು. ಮೂವತ್ತೈದು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ನಿವೃತ್ತಿಯಾದ ನರ್ಸಮ್ಮ ಮೊದಲು ಮಾಡಿದ ಕೆಲಸವೆಂದರೆ ಯಾರೋ ಬಳಸಿ ಬಿಟ್ಟ ಕ್ಯಾಮೆರಾ ಒಂದನ್ನು ಕೊಂಡದ್ದು. ಹೆಣಿಗೆಯ ಚೀಲದಲ್ಲಿ ಉಲ್ಲನ್ ಉಂಡೆಗಳ ನಡುವೆ ಅದನ್ನು ಕೂರಿಸಿಕೊಂಡು ಬಸ್ ನಿಲ್ದಾಣ, ಮಾರುಕಟ್ಟೆ, ಕೋರ್ಟಿನ ಜಗಲಿ ಎಂದು ಅಲೆಯುತ್ತಾಳೆ. ಕಾಲುಚೀಲ ಹೆಣೆಯುತ್ತ ಕೂತ ಮುದುಕಿಯನ್ನು ಯಾರೂ ಎರಡು ಸಲ ನೋಡುವುದಿಲ್ಲ. ಎರಡು ವರ್ಷದಿಂದ ಅದು ಒಂದೇ ಕಾಲುಚೀಲ ಎಂಬುದನ್ನಂತೂ ಯಾರೂ ಗಮನಿಸಿಲ್ಲ. ಜನ ತಮ್ಮ ಪಾಡಿಗೆ ತಾವಿರುವಾಗ, ಆಕಳಿಸುವಾಗ, ಮೂಗು ಒರೆಸಿಕೊಳ್ಳುವಾಗ, ಏನೋ ನೆನೆದು ಸುಮ್ಮನಾಗುವಾಗ, ನರ್ಸಮ್ಮ ಕ್ಲಿಕ್ ಮಾಡುತ್ತಾಳೆ. ಆಮೇಲೆ ಎದ್ದು ಹೋಗಿ ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯನ್ನು ಅವರ ಮುಂದೆ ಹಿಡಿಯುತ್ತಾಳೆ. "ಇದು ನೀವು. ಗೋಡೆಗೆ ಹಾಕಲಾ, ಬೇಡವಾ?" ಅವರು ಬಿಳಿ ಕಾರ್ಡೊಂದರ ಮೇಲೆ ತಮ್ಮ ಕೈಯಾರೆ 'ಹಾಕಿ' ಎಂದೋ 'ಬೇಡ' ಎಂದೋ ಬರೆದುಕೊಡಬೇಕು. 'ಬೇಡ' ಎಂದರೆ ಅವರ ಎದುರಿಗೇ ಅಳಿಸಿಬಿಡುತ್ತಾಳೆ. ಹೀಗೆ ಒಪ್ಪಿಗೆ ಸಿಕ್ಕ ಹನ್ನೊಂದು ಮುಖಗಳು, ಇನ್ನೂ ಸಿಗದ ಒಂದು, ಬರುವ ಭಾನುವಾರ ಗ್ರಂಥಾಲಯದ ಸಭಾಂಗಣದ ಗೋಡೆಗೆ ಹೋಗಬೇಕಿತ್ತು. ಬುಧವಾರ ಬೆಳಿಗ್ಗೆ ದೊಡ್ಡ ಪ್ರಿಂಟುಗಳು ತಯಾರಾಗಿರಬೇಕು.

"ಧೂಳು ತೆಗೀರಿ, ಮುಖ ಮುಟ್ಟಬೇಡಿ" ಎಂದು ನರ್ಸಮ್ಮ ಕಟ್ಟುನಿಟ್ಟಾಗಿ ಹೇಳಿ ಹೋಗಿದ್ದಳು. ಅವಳ ಹಳೆಯ ಕ್ಯಾಮೆರಾದೊಳಗೆ ಎಂದೋ ಹೊಕ್ಕ ಧೂಳು ಪ್ರತಿ ಚಿತ್ರದಲ್ಲೂ ಮೂರು ಕಪ್ಪು ಚುಕ್ಕೆ ಬಿಡುತ್ತಿತ್ತು: ಮೇಲೆ ಬಲಕ್ಕೆ ಎರಡು, ಎಡ ಅಂಚಿಗೊಂದು. ಟಚಪ್ಪಮ್ಮನಿಗೆ ಅವು ಮೂರೂ ನೆಂಟರ ಹಾಗೆ ಪರಿಚಯ.

ಮುಖ ಮುಟ್ಟದೆ ಇರುವುದು ಎಷ್ಟು ಕಷ್ಟ ಎಂದು ನರ್ಸಮ್ಮನಿಗೇನು ಗೊತ್ತು. ಹನ್ನೊಂದು ಮುಖಗಳ ತನಕ ಟಚಪ್ಪಮ್ಮ ಹಲ್ಲು ಕಚ್ಚಿ ಕೂತಿದ್ದಳು. ಹನ್ನೆರಡನೆಯದರ ಕಣ್ಣಿನ ಸುತ್ತ ಅದೇನು ಗೀರುಗಳೋ! ಯಾರೋ ಪಾಪ, ಇಷ್ಟನ್ನೆಲ್ಲ ಹೊತ್ತುಕೊಂಡು ಎಲ್ಲರ ಮುಂದೆ ನೇತಾಡಬೇಕಲ್ಲ ಅನ್ನಿಸಿತು. ಕೈ ತಾನಾಗಿ ಹೋಯಿತು. ಎಡಗಣ್ಣಿನ ಕೆಳಗೆ ಸ್ವಲ್ಪ, ಬಲಗಣ್ಣಿನ ಕೆಳಗೆ ಅದಕ್ಕೆ ಸಮವಾಗಿ, ಬಾಯಿಯ ಪಕ್ಕದ ಮಡಿಕೆಗೆ ಒಂದೇ ಒಂದು ಎಳೆ. ಆಮೇಲೆ ಆ ಮೂರು ಚುಕ್ಕೆ. ದವಡೆಯ ಅಂಚಿಗೆ ಬಂದಾಗ ಅಲ್ಲಿ ಇನ್ನೊಂದು ಚುಕ್ಕೆ ಕಂಡಿತು. 'ಓಹೋ, ಹೊಸ ಧೂಳೊಂದು ಸೇರಿಕೊಂಡಿದೆ' ಎಂದುಕೊಂಡು ಅದನ್ನೂ ಒರೆಸಿದಳು.

ನಂತರ ಹಿಂದೆ ಸರಿದು ನೋಡಿದಳು.

ರೈಲು ನಿಲ್ದಾಣದ ಬೆಂಚಿನ ಮೇಲೆ ಹೆಂಗಸೊಬ್ಬಳು ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಳು. ಕಣ್ಣು ಮುಚ್ಚಿತ್ತು. ಬಾಯಿ ಎಷ್ಟು ತೆರೆದಿತ್ತೆಂದರೆ ಹಲ್ಲು ಎಣಿಸಬಹುದಿತ್ತು. ಒಳಗಿನ ದವಡೆಹಲ್ಲು ಒಂದಿಲ್ಲ ಎಂಬುದೂ ತಿಳಿಯುತ್ತಿತ್ತು. ಕಿವಿಯ ಹಿಂದಿನಿಂದ ಕೂದಲು ಬಿಚ್ಚಿಕೊಂಡು ಬಂದಿತ್ತು. ಮಡಿಲಲ್ಲಿ ಕಡಲೆಕಾಯಿಯ ಪೊಟ್ಟಣ. ಪಕ್ಕದಲ್ಲಿ ಒಂದು ಕಂದು ಕೈಚೀಲ, ಅದರ ಹಿಡಿಕೆ ಕಿತ್ತುಬಂದಲ್ಲಿ ಹಸಿರು ದಾರದ ಹೊಲಿಗೆ.

ಈ ಹಸಿರು ದಾರ ನಮ್ಮ ಮನೆಯದು ಎನ್ನುವುದು ಅವಳಿಗೆ ಮೊದಲು ಹೊಳೆಯಿತು. ಆಮೇಲೆ ಚೀಲ. ಆಮೇಲೆ ನೀಲಿ ಶಾಲು. ಎಲ್ಲಕ್ಕಿಂತ ಕೊನೆಯಲ್ಲಿ ಮುಖ. ಅವಳ ಎಡಗೈ ಮೆಲ್ಲಗೆ ತನ್ನ ದವಡೆಯ ಕೆಳಗೆ ಹೋಯಿತು. ಮಚ್ಚೆ ಅಲ್ಲೇ ಇತ್ತು, ಹುಟ್ಟಿದಾಗಿನಿಂದ ಇದ್ದಂತೆ. ಪರದೆಯ ಮೇಲೆ ಇರಲಿಲ್ಲ.

ಬೇರೆಯವರ ಸುಕ್ಕು ಎಂದು ಪಾಪ ನೋಡಿ ಒರೆಸಿದ್ದು ತನ್ನದನ್ನೇ! ನಗು ಬಂತು. ಆ ನಗು ಮುಗಿಯುವ ಮೊದಲೇ ಬಾಗಿಲ ಪರದೆ ಸರಿಸಿ ಗಂಡ ಒಳಗೆ ಬಂದ.

"ಏನೇ, ಒಬ್ಬಳೇ ಕೂತು ನಗ್ತಿದ್ದೀಯ?"

"ನೀವು ಆ ಮನುಷ್ಯನಿಗೆ ಫ್ಯಾನ್ ನೋಡಬೇಡಿ ಅಂದ್ರಲ್ಲ, ಅದಕ್ಕೆ."

"ನೋಡ್ತಾರೆ ಕಣೇ. ಗದ್ದ ಎತ್ತು ಅಂದ್ರೆ ಎಲ್ಲರೂ ಆಕಾಶಕ್ಕೇ ಹೊರಡ್ತಾರೆ." ಅವನು ಅವಳ ಹೆಗಲ ಮೇಲಿಂದ ಬಾಗಿದ. ಚಿತ್ರ ಮುಚ್ಚಲು ಅವಳಿಗೆ ಹೊತ್ತು ಸಿಗಲಿಲ್ಲ. "ಯಾರಿದು?"

"ಯಾರೋ."

"ಯಾರೋ ಅಂತ ನಂಗೂ ಕಾಣುತ್ತೆ. ಎಲ್ಲೋ ನೋಡಿದ ಮುಖ."

ಒಮ್ಮೆ ಕ್ಯಾಮೆರಾದ ಹಿಂದಿನಿಂದ ನೋಡಿದ ಮುಖವನ್ನು ಸಾಯುವ ತನಕ ಮರೆಯುವುದಿಲ್ಲ ಎಂಬುದು ಅವನ ಹೆಮ್ಮೆ.

"ಬಟ್ಟೆ ಅಂಗಡಿಯವರ ನಾದಿನಿ ಅಲ್ವೇನೇ ಇದು?"

"ಇರಬಹುದು."

"ಅಲ್ಲ, ಆಕೆ ಇಷ್ಟು ನಗಲ್ಲ. ಮೊದಲು ಈಕೆಯನ್ನ ಹಲ್ಲಿನ ಡಾಕ್ಟರ ಹತ್ರ ಕಳಿಸಬೇಕು." ಅವನು ಇನ್ನೂ ಹತ್ತಿರಕ್ಕೆ ಬಾಗಿದ. ಹುಬ್ಬು ಗಂಟಾಯಿತು. "ನೀನು ಇದಕ್ಕೆ ಟಚಪ್ ಮಾಡಿದ್ದೀಯ."

"ಇಲ್ಲಪ್ಪ."

"ಸುಳ್ಳು ಹೇಳಬೇಡ. ಇಲ್ಲಿ ನೋಡು, ಕಣ್ಣಿನ ಕೆಳಗೆ. ಬಾಯಿ ಹತ್ರ. ಇದು ನಿನ್ನ ಕೈ ಕಣೇ. ಸಾವಿರ ಕೈಗಳ ನಡುವೆಯೂ ನಿನ್ನ ಕೈನ ಗುರುತಿಸ್ತೀನಿ ನಾನು" ಎಂದು ಬಹಳ ಪ್ರೀತಿಯಿಂದ ಅವಳ ತಲೆ ಮೇಲೆ ಮೊಟಕಿ, ಗಿರಾಕಿ ಕಾಯುತ್ತಿದ್ದಾನೆಂದು ಹೊರಟುಹೋದ.

ಕೈಯನ್ನು ಗುರುತಿಸಿದ, ಮುಖವನ್ನು ಗುರುತಿಸಲಿಲ್ಲ. ಇದಕ್ಕೆ ಅಳಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ನ್ಯಾಯವಾಗಿ ನೋಡಿದರೆ ಅವನನ್ನು ದೂರುವ ಹಾಗೂ ಇರಲಿಲ್ಲ. ತಾನೂ ದಾರ ನೋಡಿಯೇ ಗುರುತಿಸಿದ್ದಲ್ಲವೇ?

ಆದರೆ ಅವಳು ಹೆದರಿದ್ದು ಅದಕ್ಕಲ್ಲ. ಆ ಬೆಂಚಿಗೆ.

ಪ್ರತಿ ಮಂಗಳವಾರ ಮಧ್ಯಾಹ್ನ ಅವಳು ಮದುವೆಯ ಆಲ್ಬಮ್ಮುಗಳನ್ನು ಕಟ್ಟಿಸಲು ಬೈಂಡರ್ ತಾತನ ಅಂಗಡಿಗೆ ಹೋಗುತ್ತಾಳೆ. ಹೋಗಿ ಬರಲು ಎರಡು ಗಂಟೆ ಬೇಕು ಎಂದು ಮನೆಯ ಲೆಕ್ಕ. ತಾತ ತುಂಬ ಕಾಯಿಸುತ್ತಾನೆ ಎಂದು ಗಂಡನಿಗೆ ಹೇಳಿದ್ದಾಳೆ. ನಿಜ ಹೇಳಬೇಕೆಂದರೆ ತಾತ ಹತ್ತು ನಿಮಿಷಕ್ಕೆ ಕಳಿಸಿಬಿಡುತ್ತಾನೆ. ಅವನಂಥ ಚುರುಕಿನ ಮುದುಕ ಆ ಸಾಲಿನಲ್ಲೇ ಇಲ್ಲ. ಉಳಿದ ಹೊತ್ತು ಅವಳದು. ಪಕ್ಕದ ರೈಲು ನಿಲ್ದಾಣದ ಮೂರನೆಯ ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚಿನಲ್ಲಿ ಕಡಲೆಕಾಯಿ ಬಿಡಿಸುತ್ತ, ಬರುವವರನ್ನು ಹೋಗುವವರನ್ನು ನೋಡುತ್ತ ಕೂರುತ್ತಾಳೆ. ಅಷ್ಟೇ. ಯಾರಿಗೂ ಕಾಯುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ. ಹನ್ನೊಂದು ವರ್ಷವಾಯಿತು.

ಇದರಲ್ಲಿ ಮುಚ್ಚಿಡುವಂಥದ್ದೇನು ಎಂದು ಯಾರಾದರೂ ಕೇಳಬಹುದು. ಗಂಡ ಬೈಯುವವನಾಗಿದ್ದರೆ ಅವಳೂ ಇಷ್ಟು ಹೆದರುತ್ತಿರಲಿಲ್ಲ. ಅವನು ಬೈಯುವವನಲ್ಲ, ಜೊತೆಗೆ ಬರುವವನು. ಮದುವೆಯಾದ ಹೊಸತರಲ್ಲಿ ಬೆಳಗಿನ ನಡಿಗೆ ಅವಳದಾಗಿತ್ತು. ಒಮ್ಮೆ ಬಾಯಿ ತಪ್ಪಿ, "ಬೆಳಿಗ್ಗೆ ಆ ನೀರಿನ ಟ್ಯಾಂಕಿನ ಹತ್ರ ಎಷ್ಟು ಹಾಯಾಗಿರುತ್ತೆ ಗೊತ್ತಾ" ಎಂದಳು. "ಹೇಳೋದಲ್ವೇನೇ!" ಎಂದು ಮರುದಿನವೇ ಅವನೂ ಹೊರಟ. ವಾರದೊಳಗೆ ಅವನ ಗೆಳೆಯರು ಮೂವರು ಸೇರಿದರು. ತಿಂಗಳೊಳಗೆ ಆ ಗುಂಪಿಗೊಂದು ಹೆಸರು, ಎಲ್ಲರಿಗೂ ಕೆಂಪು ಟೋಪಿ. ಅವಳು ಮೊಣಕಾಲು ನೋವು ಎಂದು ನಿಲ್ಲಿಸಿದಳು. ಆ ನಡಿಗೆ ಇವತ್ತಿಗೂ ನಡೆಯುತ್ತಿದೆ, ಅವಳಿಲ್ಲದೆ. ಅಡುಗೆಮನೆಯ ರೇಡಿಯೋಗೂ ಅದೇ ಗತಿಯಾಯಿತು: ಅವಳು ಕೇಳುತ್ತಾಳೆಂದು ಗೊತ್ತಾದ ದಿನ ಅವನು ಕುರ್ಚಿ ಎಳೆದುಕೊಂಡು ಬಂದು ಹಾಡಿನ ಮಧ್ಯೆ ಹಾಡಿನ ಅರ್ಥ ಹೇಳತೊಡಗಿದ.

ಒಳ್ಳೆಯ ಮನುಷ್ಯ. ಅದೇ ಕಷ್ಟ.

ಈ ಚಿತ್ರ ಭಾನುವಾರ ಗೋಡೆಗೆ ಹೋದರೆ, ಅದರಲ್ಲಿ ಮಚ್ಚೆಯೂ ಇದ್ದರೆ, ಅವನಿಗೆ ಗುರುತು ಹತ್ತದೆ ಇರುತ್ತದೆಯೇ? ಅವನು ಬೇಜಾರು ಮಾಡಿಕೊಳ್ಳುವುದಿಲ್ಲ. "ಹೇಳೋದಲ್ವೇನೇ!" ಎನ್ನುತ್ತಾನೆ. ಮುಂದಿನ ಮಂಗಳವಾರ ಬೆಂಚಿನಲ್ಲಿ ಅವಳ ಪಕ್ಕ ಅವನಿರುತ್ತಾನೆ, ರೈಲು ಹತ್ತುವವರಿಗೆ ಗದ್ದ ಎತ್ತಲು ಹೇಳುತ್ತ.

ಅವಳು ಮಾಡಿದ ಕೆಲಸವನ್ನು ಒಂದೊಂದಾಗಿ ಹಿಂದಕ್ಕೆ ತಂದಳು. ಮೊದಲು ಮಚ್ಚೆ ಬಂತು. ಧೂಳಿನ ಮೂರು ಚುಕ್ಕೆಗಳನ್ನು ಮಾತ್ರ ಒರೆಸಿದಂತೆಯೇ ಬಿಟ್ಟಳು. ಆಮೇಲೆ ಬಾಯಿಯ ಪಕ್ಕದ ಮಡಿಕೆ, ಬಲಗಣ್ಣಿನ ಗೀರುಗಳು, ಎಡಗಣ್ಣಿನವು. ಸಂಜೆ ಹಟ್ಟಿಗೆ ಮರಳುವ ದನಗಳ ಹಾಗೆ ಎಲ್ಲವೂ ತಂತಮ್ಮ ಜಾಗಕ್ಕೆ ಬಂದು ನಿಂತವು. ಒರೆಸಿದ್ದು ಒಂದು, ಒರೆಸದ್ದು ಒಂದು, ಎರಡನ್ನೂ ಬೇರೆಬೇರೆಯಾಗಿ ಉಳಿಸಿಟ್ಟಳು. ಒರೆಸದ್ದನ್ನು ನೋಡುತ್ತ ಸ್ವಲ್ಪ ಹೊತ್ತು ಕೂತಳು. ಈ ಮುಖವನ್ನು ಅವಳು ಯಾವ ಕನ್ನಡಿಯಲ್ಲೂ ಕಂಡಿರಲಿಲ್ಲ. ಕನ್ನಡಿ ಕಂಡರೆ ಅವಳೂ ಹಲ್ಲು ಮುಚ್ಚುತ್ತಿದ್ದಳು.

ಸಂಜೆ ನರ್ಸಮ್ಮ ಬಂದಳು. ಬಾಗಿಲಲ್ಲೇ ಗದ್ದಪ್ಪ ಹಿಡಿದ.

"ಏನ್ ನರ್ಸಮ್ಮ, ಇವತ್ತು ಯಾರ ಮುಖ ಕದ್ದಿರಿ?"

"ನಿಮ್ಮದೊಂದು ಬಿಟ್ಟು ಎಲ್ಲರದೂ. ನಿಮ್ಮ ಗದ್ದ ಅಷ್ಟು ಮೇಲಿರುತ್ತೆ, ನನ್ನ ಫ್ರೇಮಿಗೆ ಎಟುಕಲ್ಲ."

"ತಮಾಷೆ ಅಲ್ಲಮ್ಮ. ಫೋಟೋನ ಕೇಳಿ ತೆಗೀಬೇಕು. ಕೇಳದೆ ತೆಗೆದ್ರೆ ಅದು ಜೇಬುಗಳ್ಳತನ."

"ಯಜಮಾನ್ರೇ, ಇಂಜೆಕ್ಷನ್ ಕೊಡೋವಾಗ 'ಚುಚ್ಚಲಾ' ಅಂತ ಕೇಳಿದ್ರೆ ಮೈ ಕಲ್ಲು ಮಾಡ್ಕೋತಾರೆ. ಏನೋ ಮಾತಾಡಿಸ್ತಾ ಚುಚ್ಚಿಬಿಡಬೇಕು. ಆಮೇಲೆ ಕೇಳಬೇಕು, ನೋವಾಯ್ತಾ ಕಂದಾ ಅಂತ. ನಾನೂ ಕೇಳ್ತೀನಿ, ಸ್ವಲ್ಪ ತಡವಾಗಿ."

"ಆ ನಗೋ ಹೆಂಗಸಿಗೆ ಕೇಳಿದ್ರಾ? ಯಾರಾಕೆ? ಬೆಳಿಗ್ಗೆಯಿಂದ ತಲೆ ತಿಂತಿದೆ ಆ ಮುಖ."

ಒಳಗೆ ಪ್ರಿಂಟರಿಗೆ ಕಾಗದ ತುಂಬುತ್ತಿದ್ದ ಟಚಪ್ಪಮ್ಮನ ಕೈ ನಿಂತಿತು.

"ಯಾರೋ ಗೊತ್ತಿಲ್ಲಪ್ಪ" ಎಂದಳು ನರ್ಸಮ್ಮ, ಬಹಳ ನಿಧಾನವಾಗಿ. "ರೈಲ್ವೆ ಸ್ಟೇಷನ್ನಲ್ಲಿ ಕೂತಿದ್ರು. ತೋರಿಸೋಣ ಅಂತ ಎದ್ದೆ, ಮನಸ್ಸು ಬರಲಿಲ್ಲ. ಅಷ್ಟು ಹಾಯಾಗಿದ್ರು. ಮಾತ್ರೆ ಕೊಡೋಕೆ ಅಂತ ನಿದ್ದೆ ಮಾಡೋ ಪೇಷಂಟನ್ನ ಎಬ್ಬಿಸಬಾರದು, ಅಲ್ವಾ? ಸುಮ್ಮನೆ ಬಂದುಬಿಟ್ಟೆ."

"ಹಾಗಾದ್ರೆ ಹುಡುಕೋದು ಹೇಗೆ?"

"ಗುರುತಿದೆ. ಎಡ ದವಡೆ ಕೆಳಗೆ ಒಂದು ಮಚ್ಚೆ."

"ಮಚ್ಚೆ?" ಗದ್ದಪ್ಪನಿಗೆ ಅವಮಾನವಾದಂತಾಯಿತು. "ನಾನು ಹತ್ತಿರದಿಂದ ನೋಡಿದೀನಿ. ಮಚ್ಚೆಗಿಚ್ಚೆ ಇರಲಿಲ್ಲ."

"ಧೂಳಿರಬೇಕು ನರ್ಸಮ್ಮ" ಎಂದಳು ಟಚಪ್ಪಮ್ಮ ಬಾಗಿಲ ಪರದೆಯಿಂದ ತಲೆ ಮಾತ್ರ ಹೊರಗೆ ಹಾಕಿ. "ನಿಮ್ಮ ಕ್ಯಾಮೆರಾದ್ದು."

ನರ್ಸಮ್ಮ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. ಜ್ವರ ಎಷ್ಟಿದೆ ಎಂದು ಮುಟ್ಟದೆಯೇ ಹೇಳುವವರ ನೋಟ ಅದು. "ನನ್ನ ಕ್ಯಾಮೆರಾದ ಧೂಳು ಮೂರೇ ಚುಕ್ಕೆ ಅಲ್ವೇನಮ್ಮ? ನೀವೇ ಹೇಳ್ತಿದ್ರಿ."

ಟಚಪ್ಪಮ್ಮ ತಲೆ ಒಳಗೆಳೆದುಕೊಂಡಳು. ಗೊತ್ತಿದೆ. ಮುದುಕಿಗೆ ಎಲ್ಲ ಗೊತ್ತಿದೆ. ಗೊತ್ತಿದ್ದೇ ಹನ್ನೊಂದರ ಜೊತೆ ಹನ್ನೆರಡನೆಯದನ್ನು ಸೇರಿಸಿ ಇಲ್ಲಿಗೆ ತಂದಿದ್ದಾಳೆ. ಗಂಡನ ಎದುರು ಬಾಯಿಬಿಟ್ಟು ಕೇಳಬಾರದು, ಕೇಳದೆ ಗೋಡೆಗೆ ಹಾಕಲೂಬಾರದು. ಅದಕ್ಕೆ ಇದು ದಾರಿ.

ಮೆಮೊರಿ ಕಾರ್ಡು ವಾಪಸ್ ತೆಗೆದುಕೊಳ್ಳುವ ನೆಪದಲ್ಲಿ ನರ್ಸಮ್ಮ ಒಳಗೆ ಬಂದಳು. ಮೇಜಿನ ಮೇಲೆ ಬಿಳಿ ಕಾರ್ಡೊಂದನ್ನು ಇಟ್ಟಳು. ಮೂಲೆಯಲ್ಲಿ ಹನ್ನೆರಡು ಎಂದು ಬರೆದಿತ್ತು, ಉಳಿದದ್ದು ಖಾಲಿ.

"ಇದು ನಿಮ್ಮ ಹತ್ರ ಇರಲಿ. ಆ ಹೆಂಗಸು ಪಾಸ್‌ಪೋರ್ಟ್ ಫೋಟೋಗೋ ಏನಕ್ಕೋ ಈ ಕಡೆ ಬಂದ್ರೆ ಬರೆಸಿಕೊಳ್ಳಿ. 'ಬೇಡ' ಅಂದ್ರೂ ಬೇಜಾರಿಲ್ಲ. ಹನ್ನೊಂದೇ ಹಾಕ್ತೀನಿ, ಒಂದು ಮೊಳೆ ಖಾಲಿ ಇರುತ್ತೆ."

"ಬರದೇ ಇದ್ರೆ?"

"ಬರದೇ ಎಲ್ಲಿ ಹೋಗ್ತಾರೆ?" ಎಂದು ನರ್ಸಮ್ಮ ಅವಳ ಕೆನ್ನೆ ತಟ್ಟಿ, ಹೊರಗೆ ಹೋಗಿ ಗದ್ದಪ್ಪನಿಗೆ ಮತ್ತೆರಡು ಮಾತು ಚುಚ್ಚಿ ಹೊರಟಳು.

ಮರುದಿನ ಮಂಗಳವಾರ. ಬೈಂಡರ್ ತಾತ ಅಂಟು ಮೆತ್ತಿದ ಬೆರಳುಗಳನ್ನು ಒರೆಸಿಕೊಳ್ಳುತ್ತ ಅವಳಿಗಾಗಿಯೇ ಕಾದಿದ್ದ.

"ಬಾ ತಾಯಿ. ನಿನ್ನ ಯಜಮಾನ್ರು ಫೋನ್ ಮಾಡಿ ಬೈದ್ರು."

"ಅಯ್ಯೋ, ಏನಂದ್ರು?"

"ಏನಂತಾರೆ? 'ನನ್ನ ಹೆಂಡತೀನ ಗಂಟೆಗಟ್ಟಲೆ ಕಾಯಿಸ್ತೀಯ, ವಯಸ್ಸಾಯ್ತು, ಅಂಗಡಿ ಮುಚ್ಚು' ಅಂದ್ರು. ನಾನು 'ಹೌದಪ್ಪ, ಕೈ ನಡುಗುತ್ತೆ, ಕಣ್ಣು ಕಾಣಲ್ಲ' ಅಂದೆ." ಅವನು ನಾಲ್ಕು ಆಲ್ಬಮ್ಮುಗಳನ್ನು ಎರಡೇ ಎರಡು ನಿಮಿಷದಲ್ಲಿ ಕಾಗದ ಸುತ್ತಿ ಗಂಟು ಹಾಕಿ ಕೊಟ್ಟ. "ಹನ್ನೊಂದು ವರ್ಷದಿಂದ ನನ್ನ ಹೆಸರು ಕೆಡಿಸಿದೀಯ ಕಣಮ್ಮ. ಆ ಕಡೆ ಹೋಗಿ ಏನ್ ಮಾಡ್ತೀಯೋ ನಾನು ಒಂದಿನ ಕೇಳಿದೀನಾ?"

"ಇಲ್ಲ ತಾತ."

"ಇವತ್ತೂ ಕೇಳಲ್ಲ. ಕಡಲೆಕಾಯಿ ಮಾತ್ರ ಒಂದು ಹಿಡಿ ತಂದುಕೊಡು. ಲಂಚ."

ಬೆಂಚು ಎಂದಿನಂತೆ ಖಾಲಿ ಇತ್ತು. ಕೂತಳು. ಕೂತ ಕೂಡಲೇ ಏನೋ ಸರಿಯಿಲ್ಲ ಅನ್ನಿಸಿತು. ಹೆಣಿಗೆ ಚೀಲದ ಮುದುಕಿಯರು ಯಾರಾದರೂ ಇದ್ದಾರೆಯೇ ಎಂದು ಕಂಬಗಳ ಹಿಂದೆಲ್ಲ ಕಣ್ಣು ಹೋಯಿತು. ಶಾಲು ಸರಿಮಾಡಿಕೊಂಡಳು. ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಹಸಿರು ಹೊಲಿಗೆ ಕಾಣದಂತೆ ಚೀಲವನ್ನು ತಿರುಗಿಸಿಟ್ಟಳು.

"ಯಾಕಮ್ಮ, ಇವತ್ತು ಫೋಟೋಗೆ ಕೂತ ಹಾಗೆ ಕೂತಿದ್ದೀರಿ?" ಎಂದಳು ಕಡಲೆಕಾಯಿ ಮಾರುವವಳು, ಪೊಟ್ಟಣ ಕೊಡುತ್ತ.

ಆಗ ಗೊತ್ತಾಯಿತು, ತನ್ನ ಗದ್ದ ಮೇಲಿದೆ. ಯಾರೂ ಹೇಳದೆ, ಅಷ್ಟು ದೂರದಿಂದ, ಗಂಡನ ಮಾತು ಕೇಳಿಕೊಂಡು ಗದ್ದ ತಾನಾಗಿ ಮೇಲೇರಿ ಕೂತಿದೆ. ತುಟಿಯೂ ಮುಚ್ಚಿದೆ. ಮನಸ್ಸಲ್ಲೇ ನಗುವ ತಯಾರಿಯಲ್ಲಿದೆ. ಅವಳಿಗೆ ರೇಗಿತು. ನರ್ಸಮ್ಮನ ಮೇಲೋ, ಗಂಡನ ಮೇಲೋ, ಗದ್ದದ ಮೇಲೋ. ಚಿತ್ರ ಇನ್ನೂ ಗೋಡೆಗೇ ಹೋಗಿಲ್ಲ, ಆಗಲೇ ಬೆಂಚು ತನ್ನದಲ್ಲ ಎಂಬಂತಾಗಿದೆ. ಕಾರ್ಡಿನ ಮೇಲೆ 'ಬೇಡ' ಎಂದು ಬರೆದು ಕೈ ತೊಳೆದುಕೊಳ್ಳುವುದೇ ವಾಸಿ. ಚೀಲದಿಂದ ಕಾರ್ಡು ತೆಗೆದಳು, ಪೆನ್ನಿಗಾಗಿ ತಡಕಾಡಿದಳು.

ಅಷ್ಟರಲ್ಲಿ ರೈಲು ಬಂತು. ಕೋಟು ಹಾಕಿದ ದಪ್ಪನೆಯ ಮನುಷ್ಯನೊಬ್ಬ ಹೂಗುಚ್ಛ ಹಿಡಿದುಕೊಂಡು ಒಂದೊಂದೇ ಕಿಟಕಿಗೆ ಇಣುಕುತ್ತ ಮುಂದಿನ ತುದಿಗೆ ಓಡಿದ. ಅವನು ಅತ್ತ ಓಡಿದ ಮರುಗಳಿಗೆಯೇ ಹಿಂದಿನ ಡಬ್ಬಿಯಿಂದ ಅವನಷ್ಟೇ ದಪ್ಪನೆಯ ಹೆಂಗಸೊಬ್ಬಳು ಇಳಿದು ಆಚೀಚೆ ನೋಡಿದಳು. ಅವನು ಹಿಂದಕ್ಕೆ ಬರುವಷ್ಟರಲ್ಲಿ ಅವಳು ಹುಡುಕುತ್ತ ಮುಂದಕ್ಕೆ ಹೊರಟಿದ್ದಳು. ಪೆಟ್ಟಿಗೆಗಳ ಗಾಡಿಯೊಂದು ಸರಿಯಾಗಿ ನಡುವೆ ಬಂತು. ಒಬ್ಬರನ್ನೊಬ್ಬರು ದಾಟಿಹೋದರು. ಹೀಗೆ ಮೂರು ಸಲ. ಮೂರನೆಯ ಸಲ ಅವನು ಸುಸ್ತಾಗಿ, ಬೆನ್ನು ತಿರುಗಿಸಿ ನಿಂತು, ಹೂವಿನಿಂದಲೇ ಗಾಳಿ ಹಾಕಿಕೊಳ್ಳತೊಡಗಿದ. ಹೆಂಗಸು ಹಿಂದಿನಿಂದ ಬಂದು ಅವನ ಹೆಗಲು ತಟ್ಟಿ, "ಸ್ವಾಮಿ, ಇಲ್ಲೊಬ್ಬರು ದಪ್ಪಗಿರೋರು ಹೂವು ಹಿಡ್ಕೊಂಡು ನಿಂತಿದ್ರಾ?" ಎಂದು ಕೇಳಿದಳು.

ಟಚಪ್ಪಮ್ಮನ ಬಾಯಲ್ಲಿದ್ದ ಕಡಲೆಕಾಯಿ ಹಾರಿತು. ತಲೆ ಎಲ್ಲಿಗೆ ಹೋಯಿತೋ, ಶಾಲು ಎಲ್ಲಿಗೆ ಹೋಯಿತೋ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಕ್ಕು, ಕಣ್ಣೊರೆಸಿಕೊಂಡು, ಕೆಳಗೆ ಬಿದ್ದ ಕಾರ್ಡನ್ನು ಎತ್ತಿಕೊಳ್ಳುವಾಗ ಅವಳಿಗೆ ಹೊಳೆಯಿತು: ಈಗ ತಾನೇ ಆ ಮುಖ ಬಂದು ಹೋಯಿತು. ಯಾರಿಗೂ ಹೇಳದೆ, ತನ್ನನ್ನೂ ಕೇಳದೆ. ನೋಡಿದವರು ಯಾರೂ ಇಲ್ಲ. ಆ ಒಂದು ದಿನ ಮಾತ್ರ ನರ್ಸಮ್ಮ ಒಬ್ಬಳು ನೋಡಿದ್ದಳು.

ಪೆನ್ನು ಸಿಕ್ಕಿತ್ತು. ಆದರೆ ಬರೆಯಲಿಲ್ಲ. ತಾತನ ಪಾಲಿನ ಕಡಲೆಕಾಯಿ ಕೊಂಡುಕೊಂಡು ಎದ್ದಳು.

ಸ್ಟುಡಿಯೋ ಮುಟ್ಟುವಾಗ ಐದು ಗಂಟೆ. ಶೋಕೇಸಿನಲ್ಲಿ, 'ಮಾದರಿ' ಎಂಬ ಚೀಟಿಯ ಮೇಲಿನ ಫೋಟೋದಲ್ಲಿ, ಇಪ್ಪತ್ತನಾಲ್ಕು ವರ್ಷದ ಅವಳು ಕೈಮೇಲೆ ಗದ್ದ ಊರಿ ಕೂತಿದ್ದಳು. ಬಿಸಿಲಿಗೆ ಬಣ್ಣ ಹಾರಿ ತುಟಿ, ಕೆನ್ನೆ, ಹಿಂದಿನ ಗೋಡೆ ಎಲ್ಲ ಒಂದೇ ತಿಳಿನೀಲಿಯಾಗಿತ್ತು. ಅದರಲ್ಲಿ ಮಚ್ಚೆ ಇಲ್ಲ. ಗಂಡನೇ ಪೆನ್ಸಿಲ್ ಹಿಡಿದು ಒರೆಸಿದ್ದ. ಟಚಪ್ ಎಂದರೇನು ಎಂದು ಅವಳಿಗೆ ಮೊದಲು ಕಲಿಸಿದ್ದು ಆ ಮಚ್ಚೆಯ ಮೇಲೆಯೇ. ಇಷ್ಟು ವರ್ಷ ದಿನಾ ಅದರ ಮುಂದೆ ಓಡಾಡಿದ್ದರೂ ಇದು ಈಗ ನೆನಪಾಯಿತು.

"ಮತ್ತೆ ಕಾಯಿಸಿದನಾ ಆ ಮುದುಕ?" ಎಂದ ಗಂಡ.

"ಹೂಂ ರೀ. ಕೈ ನಡುಗುತ್ತಂತೆ."

"ಪಾಪ, ನಿನ್ನೆ ಫೋನಲ್ಲೂ ಹಾಗೇ ಅಂದ. ಬೈದಿದ್ದಕ್ಕೆ ಬೇಜಾರಾಯ್ತು ಕಣೇ." ಲೈಟು ಆರಿಸುತ್ತ ಅವನು ತಿರುಗಿದ. "ಆ ನಗೋ ಹೆಂಗಸು ಸಿಕ್ಕಳಾ ನರ್ಸಮ್ಮನಿಗೆ?"

"ಗೊತ್ತಿಲ್ಲ. ಯಾಕೆ?"

"ಸಿಕ್ಕರೆ ಇಲ್ಲಿಗೆ ಕರೆಸಿ ಒಂದು ಸರಿಯಾದ ಪೋರ್ಟ್ರೇಟ್ ತೆಗೀಬೇಕು ಅಂತ. ತಲೆ ಸ್ವಲ್ಪ ಈ ಕಡೆ, ಲೈಟು ಆ ಕಡೆಯಿಂದ, ಬಾಯಿ ಮುಚ್ಚಿಸಿ..."

"ಬಾಯಿ ಮುಚ್ಚಿಸಿದ್ರೆ ಆಮೇಲೆ ಉಳಿಯೋದೇನು ರೀ?"

ಅವನು ಸ್ಟ್ಯಾಂಡು ಹಿಡಿದು ನಿಂತುಬಿಟ್ಟ. "ಅದೂ ಹೌದು" ಎಂದ. ಸ್ಟ್ಯಾಂಡನ್ನು ಮಡಚಿ ಮೂಲೆಗಿಟ್ಟು, ಯಾರಿಗೋ ಸೋತವನ ದನಿಯಲ್ಲಿ, "ಒಳ್ಳೇ ನಗು ಕಣೇ ಅದು. ಈ ಸ್ಟುಡಿಯೋ ಒಳಗೆ ಅಂಥದ್ದೊಂದು ನನ್ನ ಕೈಗೆ ಸಿಗಲೇ ಇಲ್ಲ" ಎಂದ.

ಅವಳು ಒಳಗೆ ಬಂದು ಪ್ರಿಂಟರ್ ಹಾಕಿದಳು. ಕಣ್ಣಿಗೆ ಏನೋ ಬಿದ್ದಂತಾಗಿತ್ತು.

ಹನ್ನೊಂದು ಮುಖಗಳು ಒಂದೊಂದಾಗಿ ಪ್ರಿಂಟರಿನಿಂದ ಹೊರಬಂದವು. ಹನ್ನೆರಡನೆಯದಕ್ಕೆ ಬಂದಾಗ ಪರದೆಯ ಮೇಲೆ ಎರಡು ಹೆಸರುಗಳಿದ್ದವು: ಒರೆಸಿದ್ದು, ಒರೆಸದ್ದು. ಒರೆಸಿದ್ದನ್ನು ಕೊಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಬಟ್ಟೆ ಅಂಗಡಿಯವರ ನಾದಿನಿಯೋ ಇನ್ಯಾರೋ ಗೋಡೆಯ ಮೇಲೆ ನಗುತ್ತಿರುತ್ತಾಳೆ. ಅವಳ ಬೆರಳು ಮೌಸಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಒರೆಸದ್ದರ ಮೇಲೆ ಇಳಿಯಿತು.

ಕಾಗದ ಬೆಚ್ಚಗೆ ಹೊರಬಂತು. ಗೀರೆಲ್ಲ ಇತ್ತು, ದವಡೆಹಲ್ಲಿಲ್ಲದ ಸಂದು ಇತ್ತು, ನಾಲ್ಕನೆಯ ಚುಕ್ಕೆ ತನ್ನ ಜಾಗದಲ್ಲಿ ದಿಟ್ಟವಾಗಿ ಕೂತಿತ್ತು. ಕಾರ್ಡಿನ ಮೇಲೆ ಅವಳು 'ಹಾಕಿ' ಎಂದು ಬರೆದಳು. ಬರೆದು, ಅದನ್ನು ಚಿತ್ರದ ಬೆನ್ನಿಗೆ ಅಂಟಿಸಿ, ಚಿತ್ರವನ್ನು ಆರನೆಯದಕ್ಕೂ ಏಳನೆಯದಕ್ಕೂ ನಡುವೆ ಸೇರಿಸಿ ಲಕೋಟೆಯ ಬಾಯಿ ಮುಚ್ಚಿದಳು.

ಭಾನುವಾರ ಅವನು ನೋಡುತ್ತಾನೆ. ಮೊದಲು ಮಚ್ಚೆ, ಆಮೇಲೆ ಹಸಿರು ದಾರ. "ಹೇಳೋದಲ್ವೇನೇ!" ಎನ್ನುತ್ತಾನೆ. ಮಂಗಳವಾರ ಖಂಡಿತ ಹೊರಡುತ್ತಾನೆ, ಬಹುಶಃ ಮಡಚುವ ಕುರ್ಚಿ ತೆಗೆದುಕೊಂಡು. ಬರಲಿ. ಕಡಲೆಕಾಯಿ ಬಿಡಿಸಿ ಕೊಡೋಣ. ಮೂರನೆಯ ಪ್ಲಾಟ್‌ಫಾರಮ್ಮಿನ ಕೊನೆಯ ಬೆಂಚು ಇಬ್ಬರಿಗೆ ಸಾಕಾಗುವಷ್ಟು ಉದ್ದವಿದೆ.

ಅವಳು ಪ್ರಿಂಟರಿನ ಕೆಳಗಿನ ಖಾನೆ ಎಳೆದು ನೋಡಿದಳು. ಫೋಟೋ ಕಾಗದ ಮುಗಿಯುತ್ತ ಬಂದಿತ್ತು. ಕಾಗದದ ಅಂಗಡಿಯವನು ಪ್ರತಿ ಗುರುವಾರ ತಾನೇ ತಂದು ಕೊಡುತ್ತಿದ್ದ, ಬಹಳ ಚುರುಕಿನ ಮನುಷ್ಯ. ಅವನ ಅಂಗಡಿ ಇರುವುದು ಹೊಳೆಯ ಆಚೆ. ಅಲ್ಲಿಗೆ ಹೋಗಬೇಕೆಂದರೆ ದೋಣಿ ದಾಟಬೇಕು, ದೋಣಿಗೆ ಕಾಯುವವರಿಗೆ ಮೆಟ್ಟಿಲಿನ ಮೇಲೆ ಒಳ್ಳೆಯ ನೆರಳಿದೆ ಎಂದು ಯಾರೋ ಹೇಳಿದ್ದರು.

"ಏನೇ, ಮುಗೀತಾ?" ಹೊರಗಿನಿಂದ ಗಂಡ ಕೂಗಿದ.

"ಮುಗೀತು ರೀ" ಎಂದಳು.

ನಾಳೆ ಅಂಗಡಿಯವನಿಗೆ ಫೋನು ಮಾಡಬೇಕು, ಇನ್ನು ಮೇಲೆ ನೀವು ಬರುವುದು ಬೇಡ, ನಾನೇ ಬಂದು ಒಯ್ಯುತ್ತೇನೆ ಎಂದು. ಗುರುವಾರಗಳಲ್ಲಿ ತಾನು ಗಿರಾಕಿಗಳನ್ನು ಎಷ್ಟೊಂದು ಕಾಯಿಸುತ್ತೇನೆ ಎಂಬುದು ಪಾಪ, ಆ ಅಂಗಡಿಯವನಿಗೇ ಇನ್ನೂ ಗೊತ್ತಿರಲಿಲ್ಲ.